ಬೋನ್ಸಾಯ್: ಕೊಂಬೆ ಬಾಗಿಸುವುದು, ತಂತಿ ಸುತ್ತುವುದು

ಕುಂಡದಲ್ಲಿ ಬೆಳೆಸುವ ಕುಬ್ಜ ಮರದ ಕಾಂಡಕ್ಕೋ ಕೊಂಬೆಗೋ ಲೋಹದ ತಂತಿ ಸುತ್ತಿ, ಬೇಕಾದ ದಿಕ್ಕಿಗೆ ಬಗ್ಗಿಸಿ, ಆ ಬಾಗು ಮರಕ್ಕೆ ಒಗ್ಗಿ ತಾನಾಗಿ ನಿಲ್ಲುವವರೆಗೆ ಹಿಡಿದಿಡುವ ವಿಧಾನ. ಜಪಾನೀಯರು ಇದನ್ನು ಹರಿಗಾನೆ-ಕಾಕೆ ಎನ್ನುತ್ತಾರೆ. ಸವರುವುದು, ಚಿಗುರು ಚಿವುಟುವುದು, ಬೇರು ಕತ್ತರಿಸಿ ಕುಂಡ ಬದಲಿಸುವುದು ತೋಟಗಾರಿಕೆಯಲ್ಲೆಲ್ಲ ಇರುವ ಕೆಲಸಗಳೇ. ಆದರೆ ಹೆಬ್ಬೆರಳಿನಷ್ಟು ದಪ್ಪದ ಕೊಂಬೆಯಿಂದ ಹಿಡಿದು ತೀರ ತೆಳುವಾದ ರೆಂಬೆಯ ತುದಿಯವರೆಗೆ ಒಂದೊಂದಕ್ಕೂ ತಂತಿ ಸುತ್ತಿ ದಿಕ್ಕು ಕೊಡುವುದು ಬೋನ್ಸಾಯ್‌ನ ವೈಶಿಷ್ಟ್ಯ. ಹೊಸಬರು ಮೊದಲು ಹೆದರುವುದು ಇದಕ್ಕೆ. ಕೈ ಪಳಗಿದವರ ಕೆಲಸವನ್ನು ಅಳೆಯುವುದೂ ಇದರಿಂದಲೇ.

ಕೊಂಬೆಯನ್ನು ಬಗ್ಗಿಸಬೇಕೇಕೆ? ಎಳೆಯ ಗಿಡದ ಕೊಂಬೆಗಳು ಬೆಳಕಿನತ್ತ ಮೇಲ್ಮುಖವಾಗಿ ಏರುತ್ತವೆ. ಬೆಟ್ಟದ ಮೇಲಿನ ಹಳೆಯ ಪೈನ್ ಮರವನ್ನು ನೋಡಿದರೆ ಕೆಳಗಿನ ಕೊಂಬೆಗಳು ತಮ್ಮ ಭಾರಕ್ಕೂ ವರ್ಷವರ್ಷ ಬಿದ್ದ ಹಿಮದ ಹೊರೆಗೂ ಜೋತು ಕೆಳಕ್ಕೆ ಇಳಿದಿರುತ್ತವೆ. ಮರದ ವಯಸ್ಸನ್ನು ನಮ್ಮ ಕಣ್ಣು ಅಳೆಯುವುದು ಕಾಂಡದ ದಪ್ಪದಿಂದ ಮಾತ್ರವಲ್ಲ, ಕೊಂಬೆ ಕಾಂಡದಿಂದ ಹೊರಡುವ ಕೋನದಿಂದಲೂ ಹೌದು. ಹತ್ತು ಹದಿನೈದು ವರ್ಷದ ಗಿಡದ ಕೊಂಬೆಗಳನ್ನು ಬುಡದಲ್ಲೇ ಕೆಳಕ್ಕೆ ಇಳಿಸಿ ಕಟ್ಟಿದರೆ ಅದು ಶತಮಾನ ಕಂಡ ಮರದಂತೆ ತೋರುತ್ತದೆ. ಇದರ ಜೊತೆಗೆ ಇನ್ನೊಂದು ಲಾಭವಿದೆ. ಒಂದರ ಮೇಲೊಂದು ಬಿದ್ದ ಕೊಂಬೆಗಳನ್ನು ಬಿಡಿಸಿ ಹರಡಿದಾಗ ಬೆಳಕು ಒಳಗಿನ ರೆಂಬೆಗಳಿಗೂ ತಲುಪುತ್ತದೆ. ಬೆಳಕು ಸಿಗದ ಒಳರೆಂಬೆ ಒಣಗಿಹೋದರೆ ಹಸಿರೆಲ್ಲ ತುದಿಗೆ ಸೇರಿಕೊಂಡು ಮರ ಬೋಳಾಗುತ್ತದೆ. ಆದ್ದರಿಂದ ತಂತಿಯ ಕೆಲಸ ಅಂದಕ್ಕೆ ಎಷ್ಟು ಬೇಕೋ ಮರದ ಆರೋಗ್ಯಕ್ಕೂ ಅಷ್ಟೇ ಬೇಕು.

ಹುರಿಯಿಂದ ತಂತಿಗೆ

ಕುಂಡದ ಮರಗಳ ಕಲೆ ಹುಟ್ಟಿದ್ದು ಚೀನಾದಲ್ಲಿ. ಅಲ್ಲಿ ಅದರ ಹೆಸರು ಪೆನ್‌ಜಿಂಗ್. ತಾಂಗ್ ವಂಶದ ರಾಜಕುಮಾರ ಝಾಂಗ್‌ಹುವಾಯ್‌ಗೆಂದು 706ರಲ್ಲಿ ಕಟ್ಟಿದ ಸಮಾಧಿಯ ಭಿತ್ತಿಚಿತ್ರದಲ್ಲಿ ಸೇವಕರು ಪುಟ್ಟ ಗಿಡ, ಕಲ್ಲುಗಳಿರುವ ತಟ್ಟೆಗಳನ್ನು ಹಿಡಿದು ನಡೆಯುತ್ತಿರುವುದು ಕಾಣುತ್ತದೆ. ಜಪಾನಿನ ಕಸುಗ ದೇಗುಲದ ಮಹಿಮೆಯನ್ನು ಚಿತ್ರಿಸುವ 1309ರ ಸುರುಳಿಯಲ್ಲಿ ಮರದ ಹಲಗೆಗಳ ಮೇಲೆ ಜೋಡಿಸಿಟ್ಟ ಕುಂಡದ ಮರಗಳಿವೆ. ಆಗ ತಂತಿಯಿರಲಿಲ್ಲ. ಕಲ್ಲು ನೇತುಹಾಕಿ ಕೊಂಬೆ ಇಳಿಸುವುದು, ಬಿದಿರು ಕಡ್ಡಿಗೆ ಬಿಗಿಯುವುದು, ನಾರಿನ ಹುರಿಯಿಂದ ಎಳೆದು ಕಟ್ಟುವುದು ರೂಢಿಯಲ್ಲಿತ್ತು.

ಹುರಿಯ ಕೆಲಸವನ್ನು ಉನ್ನತ ಮಟ್ಟಕ್ಕೆ ಒಯ್ದವರು ಯಾಂಗ್‌ಝೌ ಮತ್ತು ಸಿಚುವಾನ್‌ನ ಕುಶಲಿಗಳು. ಒಂದು ಜಾತಿಯ ತಾಳೆಯ ಕಾಂಡವನ್ನು ಸುತ್ತಿಕೊಂಡಿರುವ ಒರಟು ಕಂದು ನಾರನ್ನು ಸುಲಿದು, ಹೊಸೆದು, ಆ ಹುರಿಯಿಂದ ಕೊಂಬೆಯನ್ನು ಹೆಜ್ಜೆಹೆಜ್ಜೆಗೂ ಗಂಟು ಹಾಕಿ ಬಗ್ಗಿಸುತ್ತಿದ್ದರು. ಒಂದು ಅಂಗುಲದಲ್ಲಿ ಮೂರು ತಿರುವು ಇರಬೇಕೆಂಬುದು ಯಾಂಗ್‌ಝೌ ಸಂಪ್ರದಾಯದ ನಿಯಮ. ಹಾಗೆ ಕಟ್ಟಿದ ಮರದ ಎಲೆಗುಂಪುಗಳು ಮೋಡದ ತೆಳು ಪದರಗಳಂತೆ ಮಟ್ಟಸವಾಗಿ ಹರಡಿಕೊಳ್ಳುತ್ತವೆ. ಅನ್ಹುಯಿ ಪ್ರಾಂತದ ಹುಯಿಝೌನಲ್ಲಿ ಪ್ಲಮ್ ಗಿಡದ ಕಾಂಡವನ್ನು ಅಂಕುಡೊಂಕಾಗಿ ಕಟ್ಟಿ ಹರಿದಾಡುವ ಡ್ರ್ಯಾಗನ್‌ನ ಆಕಾರಕ್ಕೆ ತರುತ್ತಿದ್ದರು. ಹುರಿ ತೊಗಟೆಗೆ ಮೃದು, ಮರದ ಬಣ್ಣದಲ್ಲಿ ಬೆರೆತುಹೋಗುತ್ತದೆ, ಕಾಲಕ್ರಮದಲ್ಲಿ ತಾನೇ ಕೊಳೆತು ಬೀಳುತ್ತದೆ. ಒಂದು ಕೊರತೆಯೂ ಇದೆ: ಹುರಿ ಎಳೆಯಬಲ್ಲದು, ತಳ್ಳಲಾರದು. ಎರಡು ಬಿಂದುಗಳ ನಡುವೆ ಬಿಗಿದು ಕಮಾನು ಮಾಡಬಹುದು. ಕೊಂಬೆಯನ್ನು ತಿರುಚಿ, ಎತ್ತಿ, ಪಕ್ಕಕ್ಕೆ ಹೊರಳಿಸಿ ಒಂದೇ ಸಲಕ್ಕೆ ನಿಲ್ಲಿಸಲಾಗದು.

ಲೋಹದ ತಂತಿ ಈ ಕೊರತೆಯನ್ನು ನೀಗಿತು. ಬಗ್ಗಿಸಿದ ಕಡೆ ಬಗ್ಗಿ ಅಲ್ಲೇ ನಿಲ್ಲುವುದು ಅದರ ಗುಣ. 20ನೇ ಶತಮಾನದ ಮೊದಲ ದಶಕಗಳ ಹೊತ್ತಿಗೆ ಜಪಾನಿನಲ್ಲಿ ತಾಮ್ರದ ತಂತಿಯ ಬಳಕೆ ನೆಲೆಯೂರಿತ್ತು. 1923ರ ಕಾಂಟೊ ಭೂಕಂಪದಲ್ಲಿ ತೋಕಿಯೊ ಹಾಳಾದ ಮೇಲೆ ಅಲ್ಲಿನ ಬೋನ್ಸಾಯ್ ಬೆಳೆಗಾರರು ಒಳ್ಳೆಯ ನೀರು, ತೆರೆದ ಜಾಗ ಹುಡುಕಿಕೊಂಡು ಉತ್ತರದ ಓಮಿಯಾಗೆ ಹೋಗಿ 1925ರಲ್ಲಿ ಬೋನ್ಸಾಯ್ ಹಳ್ಳಿಯನ್ನೇ ಕಟ್ಟಿಕೊಂಡರು. 1934ರಲ್ಲಿ ತೋಕಿಯೊದ ಉಯೆನೊದಲ್ಲಿ ಕೊಕುಫು ಪ್ರದರ್ಶನ ಆರಂಭವಾಯಿತು. ಕಲಾಸಂಗ್ರಹಾಲಯದ ಬೆಳಕಿನಲ್ಲಿ, ಹತ್ತಿರದಿಂದ ನೋಡುವ ಕಣ್ಣುಗಳ ಮುಂದೆ ಮರ ನಿಲ್ಲಬೇಕಾದಾಗ ರೆಂಬೆರೆಂಬೆಯ ಅಚ್ಚುಕಟ್ಟಿಗೂ ಬೆಲೆ ಬಂತು. ಓಮಿಯಾದ ಕ್ಯೂಜೊ ಮುರತ, ಸಬುರೊ ಕಾತೊ ಮೊದಲಾದವರ ತೋಟಗಳಲ್ಲಿ ಶಿಷ್ಯರು ವರ್ಷಗಟ್ಟಲೆ ಇದ್ದು ಈ ವಿದ್ಯೆ ಕಲಿತರು. ಜಪಾನಿನ ಹೊರಗೆ ಇದನ್ನು ಹರಡಿದ್ದರಲ್ಲಿ ಪುಸ್ತಕಗಳ ಪಾಲು ದೊಡ್ಡದು. ಯೂಜಿ ಯೋಶಿಮುರ 1957ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದ ಕೈಪಿಡಿ, ಕ್ಯಾಲಿಫೋರ್ನಿಯಾದ ಜಾನ್ ನಾಕ ರೇಖಾಚಿತ್ರಗಳೊಂದಿಗೆ 1973ರಲ್ಲಿ ಹೊರತಂದ ಪುಸ್ತಕ ಇವೆರಡರಿಂದ ಒಂದು ತಲೆಮಾರಿನ ಹವ್ಯಾಸಿಗಳು ತಂತಿ ಹಿಡಿಯುವುದನ್ನು ಕಲಿತರು.

ಬಾಗು ನಿಲ್ಲುವುದು ಹೇಗೆ

ಇಡೀ ವಿಧಾನದ ಮರ್ಮ ಇಲ್ಲಿದೆ. ಕೊಂಬೆಯನ್ನು ಬಾಗಿಸುವುದು ಕೈ, ಬಾಗಿದ್ದನ್ನು ಹಿಡಿದಿಡುವುದು ತಂತಿ, ಆ ಬಾಗನ್ನು ಕಾಯಂ ಮಾಡುವುದು ಮರದ ಬೆಳವಣಿಗೆ. ಮುರಿದ ಮೂಳೆಗೆ ಹಾಕಿದ ಕಟ್ಟು ಮೂಳೆಯನ್ನು ಕೂಡಿಸುವುದಿಲ್ಲ, ಕೂಡಿಕೊಳ್ಳುವವರೆಗೆ ಅಲುಗದಂತೆ ಹಿಡಿಯುತ್ತದೆ. ತಂತಿಯ ಪಾತ್ರವೂ ಅಷ್ಟರಮಟ್ಟಿನದು. ಈ ಮಾತು ಮನಸ್ಸಿಗೆ ಇಳಿದರೆ ತಂತಿಯ ದಪ್ಪ, ಕಟ್ಟುವ ಕಾಲ, ಬಿಚ್ಚುವ ಕಾಲ ಮುಂತಾದ ನಿಯಮಗಳೆಲ್ಲ ಬಾಯಿಪಾಠ ಮಾಡದೆಯೇ ಅರ್ಥವಾಗುತ್ತವೆ.

ತೊಗಟೆಗೂ ಒಳಗಿನ ಕಟ್ಟಿಗೆಗೂ ನಡುವೆ ಕ್ಯಾಂಬಿಯಂ ಎಂಬ ತೆಳುವಾದ ಜೀವಂತ ಪದರವಿದೆ. ಅದು ಒಳಕ್ಕೆ ಹೊಸ ಕಟ್ಟಿಗೆಯನ್ನೂ ಹೊರಕ್ಕೆ ಹೊಸ ಒಳತೊಗಟೆಯನ್ನೂ ಕಟ್ಟುತ್ತ ಹೋಗುವುದರಿಂದಲೇ ಕೊಂಬೆ ದಪ್ಪವಾಗುವುದು. ಬಾಗಿಸಿದ ಕೊಂಬೆಯ ಹೊರಬದಿಯ ನಾರುಗಳು ಹಿಗ್ಗಿರುತ್ತವೆ, ಒಳಬದಿಯವು ಕುಗ್ಗಿರುತ್ತವೆ. ಕಣ್ಣಿಗೆ ಕಾಣದ ಸಣ್ಣ ಬಿರುಕುಗಳೂ ಬಿದ್ದಿರುತ್ತವೆ. ಹಳೆಯ ಕಟ್ಟಿಗೆ ಸ್ಪ್ರಿಂಗಿನಂತೆ ಹಿಂದಕ್ಕೆ ಮರಳಲು ಯತ್ನಿಸುತ್ತಲೇ ಇರುತ್ತದೆ. ಇತ್ತ ಬಾಗಿದ ಸ್ಥಿತಿಯಲ್ಲಿಯೇ ಹೊಸ ಕಟ್ಟಿಗೆಯ ಪದರ ಕೂಡುತ್ತದೆ, ಬಿರುಕು ಮುಚ್ಚುತ್ತದೆ. ಹೊಸ ಪದರ ಸಾಕಷ್ಟು ದಪ್ಪವಾದಾಗ ಅದು ಹಳೆಯ ಕಟ್ಟಿಗೆಯ ಸೆಳೆತವನ್ನು ಮೀರಿಸುತ್ತದೆ. ಆಗ ತಂತಿ ತೆಗೆದರೂ ಕೊಂಬೆ ಕದಲದು. ಅಂದರೆ ಬೆಳವಣಿಗೆ ನಿಂತ ಗಿಡಕ್ಕೆ ಎಷ್ಟು ಕಾಲ ತಂತಿ ಕಟ್ಟಿದರೂ ಫಲವಿಲ್ಲ. ಚೆನ್ನಾಗಿ ಗೊಬ್ಬರ ಉಂಡು ಹುರುಪಿನಿಂದ ಬೆಳೆಯುತ್ತಿರುವ ಗಿಡ ಬೇಗ ಆಕಾರ ಹಿಡಿಯುತ್ತದೆ.

ಮರ ಇದಕ್ಕೆಲ್ಲ ಸುಮ್ಮನೆ ಒಡ್ಡಿಕೊಳ್ಳುವುದಿಲ್ಲ. ತನ್ನ ಕೊಂಬೆ ಸಹಜ ಕೋನ ತಪ್ಪಿ ಕೆಳಕ್ಕಿಳಿದರೆ ಅದನ್ನು ಮತ್ತೆ ಎತ್ತಲು ವಿಶೇಷ ಕಟ್ಟಿಗೆಯನ್ನು ಬೆಳೆಸುತ್ತದೆ. ಪೈನ್, ಜೂನಿಪರ್‌ಗಳಂಥ ಸೂಚಿಪರ್ಣಿ ಮರಗಳಲ್ಲಿ ಇದು ಕೊಂಬೆಯ ಅಡಿಬದಿಯಲ್ಲಿ ಕೂಡಿ, ಕೊಂಬೆಯನ್ನು ಕೆಳಗಿನಿಂದ ಮೇಲಕ್ಕೆ ನೂಕುತ್ತದೆ. ಅದರಲ್ಲಿ ಲಿಗ್ನಿನ್ ಹೆಚ್ಚು. ಅಗಲ ಎಲೆಯ ಮರಗಳಲ್ಲಿ ಸಾಮಾನ್ಯವಾಗಿ ಮೇಲ್ಬದಿಯಲ್ಲಿ ಸೆಲ್ಯುಲೋಸ್ ಹೆಚ್ಚಿರುವ ಕಟ್ಟಿಗೆ ಕೂಡಿ, ಕುಗ್ಗಿ, ಕೊಂಬೆಯನ್ನು ಮೇಲಿನಿಂದ ಸೆಳೆಯುತ್ತದೆ. ಇದೇ ಬಗೆಯ ಸೆಳೆಯುವ ಕಟ್ಟಿಗೆ ಫೈಕಸ್ ಬೆಂಜಮಿನಾದ ಬಿಳಲುಗಳಲ್ಲೂ ಉಂಟು. ಬಿಳಲು ನೆಲ ಮುಟ್ಟಿ ಬೇರೂರಿದ ಮೇಲೆ ಬಿಗಿದು ನೆಟ್ಟಗಾಗುವುದು ಅದರಿಂದಲೇ. ಕಷ್ಟಪಟ್ಟು ಇಳಿಸಿದ ಪೈನ್ ಕೊಂಬೆ ತಂತಿ ತೆಗೆದ ಕೆಲವು ತಿಂಗಳಲ್ಲಿ ನಿಧಾನಕ್ಕೆ ಮೇಲೇರಿದರೆ ಕಟ್ಟಿದವರ ತಪ್ಪೆನ್ನಬೇಕಿಲ್ಲ. ಎರಡನೆಯ, ಮೂರನೆಯ ಸಲ ಕಟ್ಟುವುದು ಈ ಕೆಲಸದಲ್ಲಿ ಸಹಜ.

ಬಾಗಿಸುವುದರಿಂದ ಮರದ ಒಳಗಿನ ವ್ಯವಹಾರವೂ ಬದಲಾಗುತ್ತದೆ. ತುದಿಮೊಗ್ಗಿನಲ್ಲಿ ಹುಟ್ಟುವ ಆಕ್ಸಿನ್ ಎಂಬ ಹಾರ್ಮೋನು ಕೆಳಗೆ ಹರಿದು ಪಕ್ಕದ ಮೊಗ್ಗುಗಳನ್ನು ಅದುಮಿಡುತ್ತದೆ. ನೆಟ್ಟಗೆ ನಿಂತ ರೆಂಬೆಯಲ್ಲಿ ಈ ಹಿಡಿತ ಬಲವಾಗಿರುತ್ತದೆ. ರೆಂಬೆಯನ್ನು ಅಡ್ಡಕ್ಕೆ ಮಲಗಿಸಿದಾಗ ತುದಿಯ ಅಧಿಕಾರ ಸಡಿಲಗೊಂಡು ಹಿಂದಿನ ಮೊಗ್ಗುಗಳು ಒಡೆಯುತ್ತವೆ. ಸೀಬೆ ತೋಟದಲ್ಲಿ ಕೊಂಬೆಗಳನ್ನು ಬಗ್ಗಿಸಿ ಕಟ್ಟಿ ಹೊಸ ಚಿಗುರು, ಹೂ ಬರಿಸುವುದೂ ಈ ಗುಣವನ್ನೇ ನೆಚ್ಚಿದ ಕೆಲಸ. ಬೋನ್ಸಾಯ್ ಬೆಳೆಗಾರ ಇದನ್ನು ಎರಡೂ ಕಡೆಗೆ ಬಳಸಿಕೊಳ್ಳುತ್ತಾನೆ. ಬಲಿಷ್ಠ ಕೊಂಬೆಯ ತುದಿಯನ್ನು ತಗ್ಗಿಸುತ್ತಾನೆ, ಸೊರಗಿದ ಕೊಂಬೆಯ ತುದಿಯನ್ನು ಎತ್ತಿ ಬೆಳಕಿಗೆ ಬಿಡುತ್ತಾನೆ. ಇಳಿಸಿದ ಕೊಂಬೆಯ ತುದಿಮೊಗ್ಗನ್ನು ಮಾತ್ರ ಸ್ವಲ್ಪ ಮೇಲ್ಮುಖವಾಗಿ ನಿಲ್ಲಿಸುವ ರೂಢಿ ಬಂದದ್ದು ಇದಕ್ಕಾಗಿಯೇ. ತುದಿಯೂ ಕೆಳಗೆ ನೋಡಿದರೆ ಕೊಂಬೆ ದುರ್ಬಲವಾಗುತ್ತ ಹೋಗುತ್ತದೆ.

ತಾಮ್ರ, ಅಲ್ಯೂಮಿನಿಯಂ

ಬಳಕೆಯಲ್ಲಿರುವುದು ಮುಖ್ಯವಾಗಿ ಈ ಎರಡು ಲೋಹಗಳು. ಅಲ್ಯೂಮಿನಿಯಂ ತಂತಿಗೆ ಕಂದು ಬಣ್ಣ ಹಿಡಿಸಿ 1 ಮಿ.ಮೀ.ನಿಂದ 6 ಮಿ.ಮೀ.ವರೆಗಿನ ದಪ್ಪಗಳಲ್ಲಿ ಮಾರುತ್ತಾರೆ. ಅದು ಮೃದು. ತಪ್ಪಾಗಿ ಸುತ್ತಿದರೆ ಬಿಚ್ಚಿ ಮತ್ತೆ ಸುತ್ತಬಹುದು. ತೆಳು ತೊಗಟೆಯ, ಎಲೆ ಉದುರುವ ಮರಗಳಿಗೆ ಒಪ್ಪುತ್ತದೆ. ಕಲಿಯುವವರಿಗೂ ಇದೇ ತಕ್ಕದ್ದು. ತಾಮ್ರದ ಬಿಗುಪು ಅಲ್ಯೂಮಿನಿಯಂಗಿಂತ ಸುಮಾರು ಒಂದೂಮುಕ್ಕಾಲು ಪಟ್ಟು. ಆದ್ದರಿಂದ ತೆಳುವಾದ ತಾಮ್ರ ದಪ್ಪ ಅಲ್ಯೂಮಿನಿಯಂನ ಕೆಲಸ ಮಾಡುತ್ತದೆ, ಕಣ್ಣಿಗೂ ಕಡಿಮೆ ಕಾಣುತ್ತದೆ. ಪೈನ್, ಜೂನಿಪರ್‌ಗಳಿಗೆ ಜಪಾನಿನ ವೃತ್ತಿಪರರು ತಾಮ್ರವನ್ನೇ ಬಯಸುತ್ತಾರೆ.

ತಾಮ್ರವನ್ನು ಬಳಸುವ ಮೊದಲು ಮಂದ ಕೆಂಪಗಾಗುವಷ್ಟು ಕಾಯಿಸಿ ಆರಿಸಬೇಕು. ಜಪಾನಿನಲ್ಲಿ ಭತ್ತದ ಹುಲ್ಲಿನ ಬೆಂಕಿಯಲ್ಲಿ ಸುರುಳಿಗಳನ್ನು ಇಟ್ಟು ಕಾಯಿಸುವ ಪದ್ಧತಿ ಇತ್ತು. ಕಾದಾಗ ಲೋಹದ ಹರಳುಗಳು ಹೊಸದಾಗಿ ಜೋಡಿಕೊಂಡು ತಂತಿ ಬೆರಳಿಗೆ ಬಗ್ಗುವಷ್ಟು ಮೆತ್ತಗಾಗುತ್ತದೆ. ಕೊಂಬೆಗೆ ಸುತ್ತುವಾಗ, ಆಮೇಲೆ ಬಾಗಿಸುವಾಗ ಅದೇ ತಂತಿ ಗಡುಸಾಗುತ್ತ ಹೋಗುತ್ತದೆ. ಮೆತ್ತಗೆ ಬಂದು ಕೊಂಬೆಯ ಮೇಲೆ ಕೂತು ಗಟ್ಟಿಯಾಗುವ ಈ ಗುಣ ಬೋನ್ಸಾಯ್‌ಗೆ ಹೇಳಿಮಾಡಿಸಿದಂತಿದೆ. ಆದರೆ ಒಮ್ಮೆ ಗಡುಸಾದದ್ದನ್ನು ಬಿಚ್ಚಿ ಮರುಬಳಸಲಾಗದು, ಪುನಃ ಕಾಯಿಸಲೇಬೇಕು. ಕಟ್ಟಡದ ಕೆಲಸದವರ ಬೈಂಡಿಂಗ್ ವೈರ್ ಅಗ್ಗಕ್ಕೆ ಸಿಗುತ್ತದೆಂದು ಬಳಸುವವರಿದ್ದಾರೆ. ಅದು ತುಕ್ಕು ಹಿಡಿದು ತೊಗಟೆಗೆ ಕಲೆ ಮಾಡುತ್ತದೆ, ತೆಳುವಾಗಿರುವುದರಿಂದ ಬೇಗ ಕೊರೆಯುತ್ತದೆ. ಎಳೆದು ಕಟ್ಟಲು ಬಂದೀತು, ಸುತ್ತಲು ಬೇಡ.

ದಪ್ಪದ ಆಯ್ಕೆಗೆ ಕೊಂಬೆಯ ಮೂರನೆಯ ಒಂದರಷ್ಟು ಎಂಬ ಲೆಕ್ಕ ಅಲ್ಯೂಮಿನಿಯಂಗೆ ಪ್ರಚಲಿತವಾಗಿದೆ. ತಾಮ್ರಕ್ಕೆ ಇದಕ್ಕಿಂತ ಕಡಿಮೆ ಸಾಕು. ಸರಿಯಾದ ಪರೀಕ್ಷೆ ಬೇರೆ: ತಂತಿಯ ತುದಿಯನ್ನು ಕೊಂಬೆಗೆ ಒತ್ತಿದಾಗ ಕೊಂಬೆ ಬಾಗಬೇಕು, ತಂತಿ ಬಾಗಬಾರದು. ದುಂಡು ಸರಳಿನ ಬಿಗುಪು ಅದರ ವ್ಯಾಸದ ನಾಲ್ಕನೆಯ ಘಾತಕ್ಕೆ ಅನುಗುಣವಾಗಿ ಏರುತ್ತದೆ. 3 ಮಿ.ಮೀ. ತಂತಿಗಿಂತ 4 ಮಿ.ಮೀ. ತಂತಿ ಮೂರು ಪಟ್ಟಿಗೂ ಹೆಚ್ಚು ಬಿಗಿ. 3 ಮಿ.ಮೀ.ನ ಎರಡು ತಂತಿ ಜೊತೆಯಾಗಿ ಸುತ್ತಿದರೆ ಸಿಗುವುದು ಎರಡು ಪಟ್ಟು ಮಾತ್ರ. ಕೊಂಬೆಗೂ ಇದೇ ಲೆಕ್ಕ ಅನ್ವಯಿಸುತ್ತದೆ. ದಪ್ಪ ಇಮ್ಮಡಿಯಾದ ಕೊಂಬೆಯನ್ನು ಬಗ್ಗಿಸಲು ಹದಿನಾರು ಪಟ್ಟು ಬಲ ಬೇಕು. ಕೊಂಬೆ ಎಳೆಯದಿರುವಾಗಲೇ ದಿಕ್ಕು ತೋರಿಸಬೇಕೆನ್ನುವುದು ಇದಕ್ಕೇ. ಕಗಾವಾ ಪ್ರಾಂತದ ತಕಮತ್ಸು ಜಪಾನಿನ ಪೈನ್ ಬೋನ್ಸಾಯ್‌ನ ಮುಖ್ಯ ತವರು. ಅಲ್ಲಿನ ಹೊಲಗಳಲ್ಲಿ ಸಾಲಾಗಿ ನೆಟ್ಟ ಎಳೆಯ ಪೈನ್‌ಗಳ ಕಾಂಡಕ್ಕೆ, ಅವು ಇನ್ನೂ ತೆಳುವಾಗಿರುವಾಗಲೇ, ತಂತಿ ಸುತ್ತಿ ತಿರುವು ಕೊಟ್ಟುಬಿಡುತ್ತಾರೆ. ಮುಂದಿನ ದಶಕಗಳಲ್ಲಿ ಅವು ದಪ್ಪಗಾಗುವುದು ಆ ತಿರುವನ್ನೇ ಹಿಡಿದು.

ಸುತ್ತುವ ಕ್ರಮ

ಮೊದಲ ಹೆಜ್ಜೆ ನೋಡುವುದು. ಮರದ ಮುಖ ಯಾವುದು, ಯಾವ ಕೊಂಬೆ ಉಳಿಯಬೇಕು, ಯಾವುದನ್ನು ಸವರಬೇಕು ಎಂದು ನಿರ್ಧರಿಸದೆ ತಂತಿ ಮುಟ್ಟಬಾರದು. ಹಿಂದಿನ ದಿನ ನೀರು ಸ್ವಲ್ಪ ಕಡಿಮೆ ಮಾಡುವವರುಂಟು. ನೀರು ತುಂಬಿಕೊಂಡು ಸೆಟೆದ ಕೊಂಬೆಗಿಂತ ಸ್ವಲ್ಪ ಬಾಡಿದ ಕೊಂಬೆ ಬಳುಕುತ್ತದೆ. ಕೆಲಸ ಕೆಳಗಿನಿಂದ ಮೇಲಕ್ಕೆ, ಒಳಗಿನಿಂದ ಹೊರಕ್ಕೆ, ದಪ್ಪದಿಂದ ತೆಳುವಿಗೆ ಸಾಗುತ್ತದೆ.

ಕಪ್ಪು ಪೈನ್‌ನ ಎರಡು ಕೆಳಕೊಂಬೆಗಳನ್ನು ತೆಗೆದುಕೊಳ್ಳೋಣ. ಒಂದು ಎಡಕ್ಕೆ, ಇನ್ನೊಂದು ಸ್ವಲ್ಪ ಮೇಲೆ ಬಲಕ್ಕೆ. ಎರಡಕ್ಕೂ ಒಂದೇ ತಂತಿ ಬಳಸಬೇಕು. ಒಂದು ಕೊಂಬೆ ಇನ್ನೊಂದಕ್ಕೆ ಊರೆಯಾಗುತ್ತದೆ. ಕೊಂಬೆಗಳ ಉದ್ದಕ್ಕಿಂತ ಅರ್ಧದಷ್ಟು ಹೆಚ್ಚು ತಂತಿ ಕತ್ತರಿಸಿ, ಅದರ ನಡುಭಾಗವನ್ನು ಎರಡು ಕೊಂಬೆಗಳ ನಡುವೆ ಕಾಂಡಕ್ಕೆ ಒಂದು ಸುತ್ತಾದರೂ ಬರುವಂತೆ ಕೂರಿಸಬೇಕು. ಕಾಂಡದ ಮೇಲಿನ ಈ ಸುತ್ತು ಸಡಿಲವಾದರೆ ಮುಂದಿನದೆಲ್ಲ ವ್ಯರ್ಥ. ಒಂದು ಕೊಂಬೆಯನ್ನು ಬಗ್ಗಿಸಿದಾಗ ಇನ್ನೊಂದು ಅಲುಗಾಡುತ್ತದೆ. ಅಲ್ಲಿಂದ ತಂತಿ ಕೊಂಬೆಯ ಬುಡಕ್ಕೆ ಹೊರಳುತ್ತದೆ. ಕೊಂಬೆಯನ್ನು ಕೆಳಕ್ಕೆ ಇಳಿಸುವುದಾದರೆ ತಂತಿ ಕವಲಿನ ಮೇಲಿನಿಂದ ಬಂದು ಬುಡದ ಮೇಲ್ಬದಿಯನ್ನು ಹಿಡಿಯಬೇಕು, ಎತ್ತುವುದಾದರೆ ಅಡಿಯಿಂದ ಬರಬೇಕು. ಆಮೇಲೆ ಎಡಗೈಯ ಹೆಬ್ಬೆರಳು, ತೋರುಬೆರಳುಗಳಲ್ಲಿ ಹಿಂದಿನ ಸುತ್ತನ್ನು ಅದುಮಿಟ್ಟುಕೊಂಡು ಬಲಗೈಯಿಂದ ತಂತಿಯನ್ನು ಸುಮಾರು 45 ಡಿಗ್ರಿ ಓರೆಯಲ್ಲಿ ಸುತ್ತುತ್ತ ತುದಿಯತ್ತ ಸಾಗಬೇಕು. ಎಡಗೈ ಬೆರಳು ಒಂದೊಂದೇ ಸುತ್ತು ಮುಂದಕ್ಕೆ ಸರಿಯುತ್ತದೆ. ಸುತ್ತುಗಳು ತೀರ ಒತ್ತಾದರೆ ತಂತಿಗೆ ಹಿಡಿತವಿಲ್ಲ, ತೀರ ದೂರವಾದರೆ ನಡುವಿನ ಕೊಂಬೆಗೆ ಆಸರೆಯಿಲ್ಲ. ತಂತಿ ತೊಗಟೆಯನ್ನು ತಾಗಿರಬೇಕು, ಒತ್ತಿರಬಾರದು. ಸೂಜಿ ಎಲೆಗಳು ಅದರಡಿ ಸಿಕ್ಕಿಕೊಳ್ಳದಂತೆ ಬಿಡಿಸಿಕೊಳ್ಳುತ್ತ ಹೋಗಬೇಕು. ತುದಿಯಲ್ಲಿ ಪುಟ್ಟ ಕೊಕ್ಕೆ ಮಾಡಿ ಮುಗಿಸಿದರೆ ಕೊನೆಯ ಮೊಗ್ಗನ್ನೂ ಎತ್ತಿ ನಿಲ್ಲಿಸಬಹುದು.

ಒಂದೇ ಕೊಂಬೆಯ ಮೇಲೆ ಎರಡನೆಯ ತಂತಿ ಬರುವುದಾದರೆ ಅದು ಮೊದಲಿನದರ ಪಕ್ಕದಲ್ಲೇ, ಅದೇ ಓರೆಯಲ್ಲಿ ಸಾಗಬೇಕು. ತಂತಿಗಳು ಒಂದರ ಮೇಲೊಂದು ದಾಟಿದ ಜಾಗದಲ್ಲಿ ತೊಗಟೆಗೆ ಒತ್ತಡ ಹೆಚ್ಚುತ್ತದೆ, ಹಿಡಿತವೂ ಕೆಡುತ್ತದೆ. ಕೊಂಬೆಯನ್ನು ತಿರುಚಬೇಕಾದ ದಿಕ್ಕಿಗೇ ತಂತಿಯನ್ನೂ ಸುತ್ತಿದ್ದರೆ ತಿರುಚಿದಾಗ ಅದು ಇನ್ನಷ್ಟು ಬಿಗಿಯುತ್ತದೆ, ಎದುರು ದಿಕ್ಕಿಗೆ ಸುತ್ತಿದ್ದರೆ ಸಡಿಲಾಗಿ ಜಾರುತ್ತದೆ.

ಬಾಗಿಸುವುದು ಇಡೀ ಕೊಂಬೆಗೆ ಸುತ್ತಿ ಆದ ಮೇಲೆ. ಎರಡು ಕೈಗಳ ಹೆಬ್ಬೆರಳುಗಳನ್ನು ಬಾಗಿನ ಒಳಬದಿಗೆ ಆನಿಸಿ, ಉಳಿದ ಬೆರಳುಗಳಿಂದ ಹೊರಬದಿಯನ್ನು ತಬ್ಬಿ, ಸ್ವಲ್ಪ ಸ್ವಲ್ಪವಾಗಿ ಬಗ್ಗಿಸಬೇಕು. ಬಾಗು ಬರುವ ಕಡೆ ತಂತಿ ಹೊರಬದಿಯಲ್ಲಿ ಹಾದಿರಬೇಕು, ಏಕೆಂದರೆ ಸೀಳುವುದು ಹಿಗ್ಗಿದ ಆ ನಾರುಗಳೇ. ತೊಡಗುವ ಮೊದಲು ಕೊಂಬೆಯನ್ನು ಅತ್ತಿತ್ತ ಮೆಲ್ಲಗೆ ಅಲುಗಿಸಿ ಅದರ ಮಿತಿ ತಿಳಿದುಕೊಳ್ಳುವುದು ಒಳ್ಳೆಯದು. ಮುರಿಯುವ ಮುನ್ನ ಕೊಂಬೆ ಸದ್ದು ಮಾಡುತ್ತದೆ. ಸಣ್ಣ ಚಿಟ್ ಎಂಬ ಶಬ್ದ ಬಂದಲ್ಲಿಗೆ ಕೈ ನಿಲ್ಲಬೇಕು. ಬಿರುಕು ಬಿಟ್ಟದ್ದು ಅರ್ಧದಷ್ಟೇ ಆಗಿದ್ದರೆ ಕೂಡಿಸಿ, ಗಾಯಕ್ಕೆ ಹಚ್ಚುವ ಮುಲಾಮು ಬಳಿದು, ಹಾಗೇ ಬಿಟ್ಟರೆ ಎಷ್ಟೋ ಸಲ ಕೂಡಿಕೊಳ್ಳುತ್ತದೆ. ಒಂದೇ ದಿನ ಪೂರ್ತಿ ಬಗ್ಗಿಸಬೇಕೆಂಬ ಹಟ ಬೇಡ. ಅರ್ಧ ಬಗ್ಗಿಸಿ ಕೆಲವು ವಾರ ಬಿಟ್ಟು ಮತ್ತಷ್ಟು ಬಗ್ಗಿಸಬಹುದು. ಕೆಲಸ ಮುಗಿದ ಮರವನ್ನು ಗಾಳಿ, ಬಿರುಬಿಸಿಲು ತಾಗದ ಕಡೆ ಇಡಬೇಕು. ಅದೇ ಹೊತ್ತಿಗೆ ಬೇರು ಕತ್ತರಿಸಿ ಕುಂಡ ಬದಲಿಸಿದರೆ ಮರ ಎರಡು ಪೆಟ್ಟನ್ನು ಒಟ್ಟಿಗೆ ತಿನ್ನಬೇಕಾಗುತ್ತದೆ.

ಕಾಲದ ವಿಚಾರದಲ್ಲಿ ಮರದಿಂದ ಮರಕ್ಕೆ ಭೇದವಿದೆ. ಪೈನ್‌ಗಳನ್ನು ಶರತ್ಕಾಲದಿಂದ ಚಳಿಗಾಲದ ಕೊನೆಯವರೆಗೆ ಕಟ್ಟುತ್ತಾರೆ. ವಸಂತದಲ್ಲಿ ಕ್ಯಾಂಬಿಯಂ ಚುರುಕಾಗಿದ್ದು ತೊಗಟೆ ಕಟ್ಟಿಗೆಯಿಂದ ಸುಲಭವಾಗಿ ಜಾರಿ ಬಿಡಿಸಿಕೊಳ್ಳುವುದರಿಂದ ಆಗ ಬಲವಾಗಿ ಬಗ್ಗಿಸುವುದು ಅಪಾಯ. ಮೇಪಲ್‌ನಂಥ ಎಲೆ ಉದುರುವ ಮರಗಳಿಗೆ ಬೋಳಾಗಿ ನಿಂತ ಕಾಲ ಅನುಕೂಲ, ರೆಂಬೆಗಳೆಲ್ಲ ಕಣ್ಣಿಗೆ ಕಾಣುತ್ತವೆ. ಎಲೆ ಬಲಿತ ಬೇಸಿಗೆಯ ಆರಂಭವೂ ಆದೀತು. ಮೇಪಲ್‌ನ ತೊಗಟೆ ನಯ, ಬೇಗ ಗುರುತು ಬೀಳುತ್ತದೆ. ಅದಕ್ಕೆ ಕಾಗದ ಸುತ್ತಿದ ತಂತಿ ಬಳಸುವ ಸಂಪ್ರದಾಯ ಜಪಾನಿನಲ್ಲಿದೆ. ಸತ್ಸುಕಿ ಅಜೇಲಿಯಾದ ಕೊಂಬೆ ನೋಡಲು ಗಟ್ಟಿಯಾದರೂ ಕವಲಿನಲ್ಲಿ ತಟ್ಟನೆ ಕಳಚಿಕೊಳ್ಳುತ್ತದೆ. ಜೂನಿಪರ್ ಎಲ್ಲಕ್ಕಿಂತ ಬಳುಕುವ ಮರ, ಹಗ್ಗದಂತೆ ಹೊಸೆದರೂ ತಾಳುತ್ತದೆ.

ಬಿಚ್ಚುವ ಹೊತ್ತು

ಕಟ್ಟುವ ಕೌಶಲಕ್ಕಿಂತ ಬಿಚ್ಚುವ ಎಚ್ಚರ ಮುಖ್ಯವೆಂದೇ ಹೇಳಬೇಕು. ಸುತ್ತು ವಕ್ರವಾದರೆ ಸರಿಪಡಿಸಬಹುದು. ತಡವಾಗಿ ಬಿಚ್ಚಿದ ತಂತಿಯ ಗುರುತು ನಯವಾದ ತೊಗಟೆಯಲ್ಲಿ ವರ್ಷಾನುವರ್ಷ ಉಳಿಯುತ್ತದೆ. ಕೊಂಬೆ ದಪ್ಪವಾಗುತ್ತದೆ, ತಂತಿ ದಪ್ಪವಾಗದು. ಮೊದಲು ತಂತಿಯ ಎರಡೂ ಅಂಚಿನಲ್ಲಿ ತೊಗಟೆ ಉಬ್ಬಿದಂತೆ ಕಾಣುತ್ತದೆ, ತಂತಿಗೂ ತೊಗಟೆಗೂ ನಡುವಿನ ನೆರಳು ಮಾಯವಾಗುತ್ತದೆ. ಬಿಚ್ಚಬೇಕಾದ ದಿನ ಅದೇ. ಅದನ್ನೂ ಕಳೆದು ಬಿಟ್ಟರೆ ಸುರುಳಿಯಾಕಾರದ ಕಾಲುವೆ ಬೀಳುತ್ತದೆ. ಎಲೆಗಳಲ್ಲಿ ತಯಾರಾದ ಆಹಾರ ಒಳತೊಗಟೆಯ ಮೂಲಕ ಕೆಳಗಿಳಿಯಬೇಕು. ಒತ್ತಿದ ಜಾಗದಲ್ಲಿ ಅದಕ್ಕೆ ತಡೆಯಾಗಿ ತಂತಿಯ ಮೇಲ್ಭಾಗದಲ್ಲಿ ಕೊಂಬೆ ಊದಿಕೊಳ್ಳುತ್ತದೆ. ಕಡೆಗೆ ತೊಗಟೆ ತಂತಿಯನ್ನು ಪೂರ್ತಿ ನುಂಗಿಬಿಡುತ್ತದೆ. ಜೂನಿಪರ್ ಬೆಳೆಗಾರರಲ್ಲಿ ಕೆಲವರು ಎಳೆ ಕಾಂಡದಲ್ಲಿ ತಂತಿಯನ್ನು ಬೇಕೆಂದೇ ಹುದುಗಿಬಿಟ್ಟು, ಕಾಂಡ ಬೇಗ ದಪ್ಪಗೆ, ಗಂಟುಗಂಟಾಗಿ ಬೆಳೆಯುವಂತೆ ಮಾಡುವುದುಂಟು. ಅದು ಉದ್ದೇಶಪೂರ್ವಕ ವಿಧಾನ, ಉಳಿದೆಡೆ ಇದು ಬರಿಯ ಅಲಕ್ಷ್ಯ.

ತೆಗೆಯುವಾಗ ತಂತಿಯನ್ನು ಬಿಚ್ಚಿ ಸುತ್ತು ಬಿಡಿಸಲು ಹೋಗಬಾರದು. ಗಡುಸಾದ ತಂತಿ ತಿರುಗುವಾಗ ಅದರ ತುದಿ ಮೊಗ್ಗುಗಳನ್ನು ಕೀಳುತ್ತದೆ, ಕೂಡಿಕೊಂಡಿದ್ದ ಕೊಂಬೆ ಪುನಃ ಸೀಳುತ್ತದೆ. ಮೊಂಡು ಮೂತಿಯ ಪುಟ್ಟ ಕಟಿಂಗ್ ಪ್ಲೇಯರ್‌ನಿಂದ ಒಂದೊಂದು ಸುತ್ತನ್ನೂ ತುಂಡರಿಸಿದರೆ ಅರ್ಧಚಂದ್ರಾಕಾರದ ಚೂರುಗಳು ತಾವಾಗಿ ಕಳಚಿ ಬೀಳುತ್ತವೆ. ತಂತಿ ಹಾಳಾಯಿತೆಂಬ ಚಿಂತೆಗಿಂತ ಕೊಂಬೆಯ ಬೆಲೆ ದೊಡ್ಡದು. ಎಷ್ಟು ದಿನಕ್ಕೆ ತೆಗೆಯಬೇಕೆಂಬುದಕ್ಕೆ ಪಂಚಾಂಗವಿಲ್ಲ. ಬೆಳೆಯುವ ಕಾಲದಲ್ಲಿ ಎಲೆ ಉದುರುವ ಮರಗಳಿಗೆ ಕೆಲವು ವಾರಗಳಿಂದ ಕೆಲವು ತಿಂಗಳು, ಪೈನ್‌ಗಳಿಗೆ ಒಂದು ವರ್ಷ ಅಥವಾ ಹೆಚ್ಚು. ಕಪ್ಪು ಪೈನ್ ಬೇಸಿಗೆ ಕಳೆದು ಶರತ್ಕಾಲದಲ್ಲಿ ಗಮನಾರ್ಹವಾಗಿ ದಪ್ಪಗಾಗುವುದರಿಂದ ಆಗ ಹೆಚ್ಚು ನಿಗಾ ಬೇಕು.

ಗಿಡವನ್ನು ಹೀಗೆ ಕಟ್ಟಿಹಾಕುವುದು ಹಿಂಸೆಯಲ್ಲವೇ ಎಂಬ ಪ್ರಶ್ನೆ ನಮ್ಮಲ್ಲಿ ಆಗಾಗ ಏಳುತ್ತದೆ. ಪ್ರಶ್ನೆಯ ಹಿಂದಿರುವ ಮರುಕ ಗೌರವಿಸತಕ್ಕದ್ದು. ಗಿಡಕ್ಕೆ ನರಮಂಡಲವಿಲ್ಲ. ಬಾಗಿಗೆ ಅದು ಕೊಡುವ ಉತ್ತರ, ಗಾಳಿಗೂ ಹಿಮಕ್ಕೂ ಇಳಿಜಾರಿಗೂ ಕೊಡುವ ಉತ್ತರವೇ. ವಾಷಿಂಗ್ಟನ್‌ನ ರಾಷ್ಟ್ರೀಯ ಬೋನ್ಸಾಯ್ ಮತ್ತು ಪೆನ್‌ಜಿಂಗ್ ಸಂಗ್ರಹಾಲಯದಲ್ಲಿ ಯಮಾಕಿ ಕುಟುಂಬದ ಬಿಳಿ ಪೈನ್ ಇದೆ. 1625ರಿಂದ ಕುಂಡದಲ್ಲಿ ಸಾಕಿಕೊಂಡು ಬಂದ ಮರ, 1945ರಲ್ಲಿ ಹಿರೋಶಿಮಾದ ಅಣುಬಾಂಬಿನಿಂದ ಪಾರಾಗಿ, 1976ರಲ್ಲಿ ಉಡುಗೊರೆಯಾಗಿ ಅಮೆರಿಕಕ್ಕೆ ಬಂತು. ನೋವುಂಡು ಸೊರಗುವ ಜೀವ ನಾಲ್ಕು ಶತಮಾನ ಚಿಗುರಲಾರದು. ಹಿಂಸೆ ಎನ್ನುವ ಮಾತು ನಿಜವಾಗಿ ಒಪ್ಪುವುದು ತಂತಿ ಸುತ್ತಿ ಮರೆತುಬಿಟ್ಟ ಗಿಡದ ವಿಷಯದಲ್ಲಿ.

ದಪ್ಪ ಕೊಂಬೆಗಳು

ತಂತಿಗೆ ಮಣಿಯದ ಕೊಂಬೆಗಳಿಗೆ ಬೇರೆ ಉಪಾಯಗಳಿವೆ. ಸರಳವಾದದ್ದು ಎಳೆದು ಕಟ್ಟುವುದು: ತೆಳು ತಂತಿಯ ಒಂದು ತುದಿಯನ್ನು ಕೊಂಬೆಗೂ ಇನ್ನೊಂದನ್ನು ಕುಂಡದ ಅಂಚಿಗೋ ದಪ್ಪ ಬೇರಿಗೋ ಬಿಗಿದು, ನಡುವೆ ಕಡ್ಡಿ ಸಿಕ್ಕಿಸಿ ತಿರುಗಿಸುತ್ತ ಬಿಗಿ ಏರಿಸುವುದು. ಕೊಂಬೆಗೆ ತಾಗುವ ಕಡೆ ರಬ್ಬರ್ ಟ್ಯೂಬಿನ ತುಂಡನ್ನು ಇಡಬೇಕು. ಕೊಂಬೆಯ ಉದ್ದಕ್ಕೂ ತಂತಿಯಿಲ್ಲದ್ದರಿಂದ ಕೊರೆಯುವ ಭಯ ಕಡಿಮೆ, ಹೆಚ್ಚು ಕಾಲ ಬಿಡಬಹುದು.

ಇನ್ನೂ ದಪ್ಪಗಿದ್ದರೆ ನೆನೆಸಿದ ರಾಫಿಯಾ ನಾರನ್ನು ಕೊಂಬೆಗೆ ಒತ್ತಾಗಿ ಸುತ್ತಿ, ಅದರ ಮೇಲೆ ದಪ್ಪ ತಂತಿ ಹಾಕಿ ಬಗ್ಗಿಸುತ್ತಾರೆ. ನಾರು ಒಣಗುತ್ತ ಬಿಗಿದು ತೊಗಟೆ ಸಿಡಿಯದಂತೆ ಕಾಯುತ್ತದೆ. ನಮ್ಮ ಹವ್ಯಾಸಿಗಳು ಅದರ ಬದಲು ಸೈಕಲ್ ಟ್ಯೂಬಿನ ಪಟ್ಟಿ ಸುತ್ತುತ್ತಾರೆ, ಕೆಲಸ ನಡೆಯುತ್ತದೆ. ಕೊಂಬೆಯನ್ನು ಉದ್ದುದ್ದ ಸೀಳುವುದು ಮತ್ತೊಂದು ವಿಧಾನ. ಸೀಳಿದ ಎರಡು ಭಾಗಗಳು ಒಂದರ ಮೇಲೊಂದು ಜಾರುವುದರಿಂದ, ಮೇಲೆ ಹೇಳಿದ ದಪ್ಪದ ಲೆಕ್ಕದಂತೆ, ಬೇಕಾಗುವ ಬಲ ಬಹಳ ಇಳಿಯುತ್ತದೆ. ಒಳಗಿನ ಹಳೆಯ ಕಟ್ಟಿಗೆಯನ್ನು ಕೆತ್ತಿ ತೋಡು ಮಾಡುವುದೂ ಉಂಟು. ರಸ ಹರಿಯುವುದು ಹೊರಪದರಗಳಲ್ಲಿ ಆದ್ದರಿಂದ ಒಳಗಿನದು ಹೋದರೂ ಮರ ಬದುಕುತ್ತದೆ. ಓಮಿಯಾದ ಮಸಾಹಿಕೊ ಕಿಮುರ ಯಂತ್ರದ ಉಪಕರಣಗಳಿಂದ ಜೂನಿಪರ್ ಕಾಂಡಗಳನ್ನು ಕೊರೆದು, ಬಗ್ಗಿ ಬಾರದವೆನಿಸಿದ್ದ ಮರಗಳನ್ನು ಮಡಿಸಿ ತೋರಿಸಿ ಜಗತ್ತಿನ ಗಮನ ಸೆಳೆದರು. ಅವರ ಕೆಲಸದ ಚಿತ್ರಗಳನ್ನು ನೋಡಿ ಅನುಕರಿಸ ಹೊರಟು ಮರ ಕಳೆದುಕೊಂಡವರಿದ್ದಾರೆ. ಅಂಥ ಬಾಗಿನ ಹಿಂದೆ ಮರವನ್ನು ಬಲಪಡಿಸಿದ ವರ್ಷಗಳಿರುತ್ತವೆ, ಚಿತ್ರದಲ್ಲಿ ಅವು ಕಾಣುವುದಿಲ್ಲ.

ತಂತಿಯಿಲ್ಲದ ದಾರಿ, ನಮ್ಮ ಹವೆ

ದಕ್ಷಿಣ ಚೀನಾದ ಗುವಾಂಗ್‌ಝೌನ ಲಿಂಗ್ನಾನ್ ಸಂಪ್ರದಾಯ ತಂತಿಯನ್ನು ಬಹುಮಟ್ಟಿಗೆ ದೂರವಿಟ್ಟಿತು. 20ನೇ ಶತಮಾನದಲ್ಲಿ ಕಾಂಗ್ ತಾಯ್‌ಚು ಮೊದಲಾದವರು ಬೆಳೆಸಿದ ಈ ಕ್ರಮದಲ್ಲಿ ಕೊಂಬೆಯನ್ನು ಬೇಕಾದಷ್ಟು ದಪ್ಪವಾಗುವವರೆಗೆ ಸ್ವೇಚ್ಛೆಯಾಗಿ ಬಿಟ್ಟು, ಬುಡದ ಹತ್ತಿರ ಕತ್ತರಿಸಿ, ತಕ್ಕ ದಿಕ್ಕಿಗಿರುವ ಮೊಗ್ಗನ್ನು ಉಳಿಸಿಕೊಳ್ಳುತ್ತಾರೆ. ಅದು ಬೆಳೆದ ಮೇಲೆ ಮತ್ತೆ ಹಾಗೆಯೇ. ಪ್ರತಿ ಕತ್ತರಿಕೆಯಲ್ಲೂ ಕೊಂಬೆ ದಿಕ್ಕು ಬದಲಿಸುತ್ತ, ತೆಳುವಾಗುತ್ತ ಹೋಗುವುದರಿಂದ ಬರುವ ಮುರಿಮುರಿಯಾದ ಚೆಲುವನ್ನು ತಂತಿಯಿಂದ ತರಲಾಗದು. ವರ್ಷದುದ್ದಕ್ಕೂ ಚಿಗುರುವ ಬೆಚ್ಚನೆಯ ಹವೆ ಇದ್ದಲ್ಲಿ ಈ ದಾರಿ ಸುಗಮ.

ಕರ್ನಾಟಕದ ಹವೆ ಆ ಬಗೆಯದು. ಬೆಂಗಳೂರಿನ ಲಾಲ್‌ಬಾಗ್‌ನ ಬೋನ್ಸಾಯ್ ಉದ್ಯಾನದಲ್ಲಿ, ಮೈಸೂರಿನ ಅವಧೂತ ದತ್ತಪೀಠದ ಕಿಷ್ಕಿಂಧಾ ಮೂಲಿಕಾ ಬೋನ್ಸಾಯ್ ಉದ್ಯಾನದಲ್ಲಿ ಈ ಕಲೆಯನ್ನು ಹತ್ತಿರದಿಂದ ನೋಡಬಹುದು. ಆಲ, ಅತ್ತಿ, ಅರಳಿ ಮತ್ತು ಇತರ ಫೈಕಸ್‌ಗಳು ಇಲ್ಲಿ ಹುಲುಸಾಗಿ ಬರುತ್ತವೆ. ಇವುಗಳ ಎಳೆಗೊಂಬೆ ಚೆನ್ನಾಗಿ ಬಳುಕುತ್ತದೆ, ಅಲ್ಯೂಮಿನಿಯಂ ಸಾಕು. ಜಪಾನಿ ಪುಸ್ತಕಗಳ ಕಾಲಗಣನೆ ಮಾತ್ರ ಇಲ್ಲಿ ನಡೆಯದು. ಮಳೆಗಾಲದಲ್ಲಿ ಫೈಕಸ್‌ಗೆ ಸುತ್ತಿದ ತಂತಿ ಕೆಲವೇ ವಾರಗಳಲ್ಲಿ ತೊಗಟೆಗೆ ಕಚ್ಚುತ್ತದೆ. ವಾರಕ್ಕೊಮ್ಮೆ ಒಂದೊಂದು ಕೊಂಬೆಯ ಅಡಿಬದಿಯನ್ನೂ ತಿರುಗಿಸಿ ನೋಡಬೇಕು, ಗುರುತು ಮೊದಲು ಬೀಳುವುದು ಸಾಮಾನ್ಯವಾಗಿ ಬುಡದ ಬಾಗಿನಲ್ಲಿ. ಬೋಗನ್‌ವಿಲ್ಲಾದ ಬಲಿತ ಕೊಂಬೆ ಪಟ್ಟನೆ ಮುರಿಯುತ್ತದೆ. ಹಸಿರು ಮಾಸುತ್ತಿರುವ ಎಳೆರೆಂಬೆಯಲ್ಲೇ ದಿಕ್ಕು ಕೊಟ್ಟು ಮುಗಿಸಬೇಕು. ಹುಣಸೆಯ ತೆಳು ರೆಂಬೆಗಳು ತಂತಿಗೆ ಒಗ್ಗುತ್ತವೆ. ಜೇಡ್ ಗಿಡದ ರಸಭರಿತ ಕೊಂಬೆಗೆ ತಂತಿಗಿಂತ ಕತ್ತರಿಯೇ ವಾಸಿ. ಕಟ್ಟಲೇಬೇಕೆಂದರೆ ಕೆಲವು ದಿನ ನೀರು ನಿಲ್ಲಿಸಿ, ಕೊಂಬೆ ಸ್ವಲ್ಪ ಮೆತ್ತಗಾದ ಮೇಲೆ, ತೊಗಟೆಗೆ ಭಾರ ಬೀಳದಷ್ಟು ಸಡಿಲವಾಗಿ ಸುತ್ತುತ್ತಾರೆ.